ಡಬಲ್ ಹದಿನಾರರ ತಂತಿ

ಡಾರ್ಟ್ಸ್ ಪಂದ್ಯದಲ್ಲಿ ಅಂಕ ಕೂಗುವವರು ಬೋರ್ಡಿನ ಪಕ್ಕದಲ್ಲಿ, ಒಂದು ಹೆಜ್ಜೆ ಹಿಂದಕ್ಕೆ ನಿಲ್ಲಬೇಕು. ಎಸೆಯುವವರ ಕಣ್ಣಿಗೆ ಅಡ್ಡ ಬರಬಾರದು. ಮೂರೂ ಡಾರ್ಟ್ ಬೋರ್ಡಿಗೆ ನಾಟುವವರೆಗೆ ಕೆಮ್ಮುವಂತಿಲ್ಲ, ಸೆರಗು ಸರಿಮಾಡಿಕೊಳ್ಳುವಂತಿಲ್ಲ, ಪರಿಚಯದವರು ಎಸೆಯಲು ನಿಂತರೆ ನಗುವಂತಿಲ್ಲ. ಎದುರಿಗೆ ಕೂತವರೆಲ್ಲ ನಮ್ಮ ಕಡೆಗೇ ನೋಡುತ್ತಿರುತ್ತಾರೆ, ಆದರೆ ಯಾರೂ ನಮ್ಮನ್ನು ನೋಡುತ್ತಿರುವುದಿಲ್ಲ.

ಶಿಕಾರಿಪುರದ ಒಂದು ಕಲ್ಯಾಣ ಮಂಟಪದಲ್ಲಿ ನಡೆದ ಓಪನ್ ಟೂರ್ನಿಯಲ್ಲಿ ಎರಡು ದಿನ ನಾನು ಈ ಕೆಲಸ ಮಾಡಿದೆ. ಮನೆಯ ಹೊರಗೆ ನಾನು ಮಾಡಿದ ಕೆಲಸ ಇದುವರೆಗೆ ಅದೊಂದೇ.

ಅದು ನನ್ನ ಪಾಲಿಗೆ ಬಂದದ್ದು ಕಳೆಯುವ ಲೆಕ್ಕದಿಂದ. ಈ ಆಟದಲ್ಲಿ ಪ್ರತಿಯೊಬ್ಬರೂ ಐನೂರ ಒಂದರಿಂದ ಶುರುಮಾಡಿ, ಸರದಿಗೆ ಮೂರು ಡಾರ್ಟ್ ಎಸೆದು, ಬಂದ ಅಂಕವನ್ನು ಕಳೆಯುತ್ತ ಸರಿಯಾಗಿ ಸೊನ್ನೆಗೆ ಬರಬೇಕು. ಕೊನೆಯ ಡಾರ್ಟ್ ಮಾತ್ರ ಬೋರ್ಡಿನ ಅಂಚಿನ ಸಣ್ಣ ಪಟ್ಟಿಗೇ ಬೀಳಬೇಕು. ಅದನ್ನು ಡಬಲ್ ಎನ್ನುತ್ತಾರೆ, ಅಲ್ಲಿ ಬಿದ್ದರೆ ಆ ಮನೆಯ ಅಂಕ ಇಮ್ಮಡಿ. ಅಗಲ ನನ್ನ ಕಿರುಬೆರಳಿನಷ್ಟೂ ಇಲ್ಲ. ಅದರ ಸುತ್ತ ಒಂದು ತಂತಿ. ತಂತಿಯ ಆಚೆ ಕಪ್ಪು ಜಾಗ, ಅಲ್ಲಿ ಬಿದ್ದರೆ ಏನೂ ಇಲ್ಲ.

ನಮ್ಮೂರಿಗೆ ಈ ಆಟ ತಂದವರು ಪ್ಲೈವುಡ್ ಅಂಗಡಿಯ ಸಾಹುಕಾರರು. ಗಲ್ಫಿನಲ್ಲಿ ದುಡಿಯುವಾಗ ಕ್ಯಾಂಪಿನಲ್ಲಿ ಕಲಿತು ಬಂದು, ಅಂಗಡಿಯ ಮೇಲಿನ ಗೋಡೌನಿನಲ್ಲಿ ಬೋರ್ಡು ತೂಗುಹಾಕಿದರು. ಭಾನುವಾರ ಅಲ್ಲಿ ಯಾರು ಬೇಕಾದರೂ ಹೋಗಿ ಎಸೆಯಬಹುದಿತ್ತು. ನನ್ನನ್ನು ಕರೆದುಕೊಂಡು ಹೋದವರು ಟೈಲರ್ ಅಕ್ಕ. ಸೊರಬದಲ್ಲಿ, ಬಸ್‌ಸ್ಟ್ಯಾಂಡಿನ ಹಿಂದೆ ಅವರ ಅಂಗಡಿ. ನನ್ನ ಮದುವೆಯ ರವಿಕೆ ಹೊಲಿದವರು ಅವರೇ. ಲೈನಿಂಗ್ ಬಟ್ಟೆ, ಫಾಲ್ಸು ಅಂತ ಭಾನುವಾರ ಶಿಕಾರಿಪುರಕ್ಕೆ ಬರುತ್ತಿದ್ದರು. ನಮ್ಮ ಮನೆಯಲ್ಲಿ ಒಂದು ಲೋಟ ಚಹಾ ಕುಡಿದು, "ಏಳೇ ಮಾರಾಯ್ತಿ, ಗೋಡೆ ನೋಡ್ತ ಕೂತ್ರೆ ಗೋಡೆ ಮಾತಾಡ್ತದನೇ?" ಎಂದು ಎಬ್ಬಿಸುತ್ತಿದ್ದರು. ನಮ್ಮ ಯಜಮಾನರದ್ದು ವರ್ಗಾವಣೆಯ ಕೆಲಸ, ತಿಂಗಳಿಗೆ ಎರಡು ಸಲ ಬರುತ್ತಾರೆ. ಉಳಿದ ದಿನ ಹಾಲಿನವನಿಗೆ "ಅರ್ಧ ಲೀಟರ್ ಸಾಕು" ಅಂದದ್ದು ಬಿಟ್ಟರೆ ಸಂಜೆಯವರೆಗೆ ನನ್ನ ಬಾಯಿಂದ ಮಾತು ಹೊರಡದ ದಿನಗಳೂ ಇರುತ್ತಿದ್ದವು.

ಅಕ್ಕ ಎಸೆಯುತ್ತಿದ್ದರು, ನಾನು ಅಂಕ ಕಳೆಯುತ್ತಿದ್ದೆ. ಸೂಜಿಗೆ ದಾರ ಪೋಣಿಸುವಾಗ ಹೇಗೆ ಒಂದು ಕಣ್ಣು ಕಿರಿದುಮಾಡುತ್ತಾರೋ ಹಾಗೆಯೇ ಎಸೆಯುವಾಗಲೂ ಮಾಡುತ್ತಿದ್ದರು. ನಾನು ಕೂಗುವುದು ಕೇಳಿ ಸಾಹುಕಾರರು ಒಂದು ದಿನ, "ಅಕ್ಕಾವ್ರೇ, ನಿಮ್ಮ ಇಂಗ್ಲಿಷು ರೇಡಿಯೋದಾಗೆ ಬಂದಂಗ್ ಬರ್ತದೆ. ಟೂರ್ನಿಗೆ ನೀವೇ ಕೂಗ್ರಿ," ಎಂದರು. ಅದು ಕಾನ್ವೆಂಟಿನ ಋಣ. ಪ್ರಾರ್ಥನೆ ಓದುವಾಗ ಕೊನೆಯ ಅಕ್ಷರವನ್ನು ನುಂಗಿದರೆ ನಮ್ಮ ಸಿಸ್ಟರ್ ಮತ್ತೆ ಮೊದಲಿಂದ ಓದಿಸುತ್ತಿದ್ದರು.

ಟೂರ್ನಿಯಲ್ಲಿ ಕೊನೆಗೆ ಉಳಿಯುವ ನಾಲ್ವರಿಗೆ ಮೈಸೂರಿನ ಮುಖ್ಯ ಸುತ್ತಿಗೆ ಪ್ರವೇಶವಿತ್ತು. ಅದನ್ನು ಕೇಳಿದ ದಿನವೇ ಅಕ್ಕ ನಿಶ್ಚಯಿಸಿದರು. "ನಾನು ಊರು ಬಿಟ್ಟು ಹೋಗಿದ್ದೆಲ್ಲ ಮದ್ವೆಗೆ, ಇಲ್ಲಾಂದ್ರೆ ಆಸ್ಪತ್ರೆಗೆ. ಒಂದ್ಸಲ ನನ್ನ ಆಟಕ್ಕೆ ಅಂತ ಹೋಗ್ಬೇಕು ಕಣೇ. ನೀನೂ ಬಾ ಜೊತೆಗೆ. ಲಾಡ್ಜಲ್ಲಿ ಒಂದೇ ರೂಮು ಮಾಡಣ." ಆಮೇಲಿನ ಭಾನುವಾರಗಳಲ್ಲಿ ನಾವು ಮಾತಾಡಿದ್ದೆಲ್ಲ ಅದೇ: ಯಾವ ಬಸ್ಸು, ಯಾವ ಸೀರೆ, ಬುತ್ತಿಗೆ ಚಪಾತಿಯೋ ಅವಲಕ್ಕಿಯೋ.

ಮೊದಲ ದಿನ ಅರ್ಹತಾ ಸುತ್ತು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಅಳತೆ ಪಟ್ಟಿ ಹಿಡಿದೆ. ಬೋರ್ಡಿನ ನಡುವಿನ ಬಿಂದು ನೆಲದಿಂದ ಐದಡಿ ಎಂಟಿಂಚು. ಎಸೆಯುವ ಗೆರೆ ಬೋರ್ಡಿನ ಮುಖದಿಂದ ಏಳಡಿ ಒಂಬತ್ತೂಕಾಲಿಂಚು. ಮದುವೆಯ ಹಸೆಮಣೆ ಇಡುವ ವೇದಿಕೆಯ ಮೇಲೆ ಬೋರ್ಡು, ಹಿಂದೆ ಯಾವುದೋ ಆರತಕ್ಷತೆಯ ಥರ್ಮಾಕೋಲ್ ಹೂವುಗಳು ಇನ್ನೂ ಅಂಟಿಕೊಂಡಿದ್ದವು. ನಾನು ಬೋರ್ಡಿನ ಎಡಕ್ಕೆ. ಬಲಗಡೆ ದೂರದಲ್ಲಿ ಬಿಳಿ ಹಲಗೆಯ ಮುಂದೆ ಮಾರ್ಕರ್ ಹಿಡಿದ ಸಾಹುಕಾರರು. ನಾನು ಕೂಗಿದ್ದನ್ನು ಅವರು ಬರೆಯುವುದು.

ಪಂದ್ಯಕ್ಕೆ ಮುಂಚೆ ನಿಯಮಗಳನ್ನು ಓದಿದೆ. ಉಳಿದದ್ದೆಷ್ಟು ಎಂದು ಕೇಳಿದರೆ ಹೇಳುತ್ತೇನೆ, ಹೇಗೆ ಮುಗಿಸಬೇಕೆಂದು ಹೇಳುವುದಿಲ್ಲ. ನಾನು ಅಂಕ ಕೂಗುವ ಮೊದಲು ಯಾರೂ ಡಾರ್ಟ್ ಕೀಳಬಾರದು. ಎಸೆದವರೇ ಕೀಳಬೇಕು, ಬೇರೆಯವರಲ್ಲ.

ಈ ಕೊನೆಯ ನಿಯಮಕ್ಕೆ ಎಲ್ಲರೂ ತಲೆಯಾಡಿಸಿದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗೋಡೌನಿನಲ್ಲಿ ಬೆಳೆದ ರೂಢಿಯೇ ಬೇರೆ. ಎಸೆದವರು ವಯಸ್ಸಿನಲ್ಲಿ ದೊಡ್ಡವರಾದರೆ, ಕಾದು ನಿಂತ ಕಿರಿಯರು ಹೋಗಿ ಡಾರ್ಟ್ ಕಿತ್ತು ತಂದು, ಮೊನೆಯನ್ನು ತಮ್ಮ ಕಡೆಗಿಟ್ಟುಕೊಂಡು, ಕತ್ತರಿ ಕೊಡುವ ಹಾಗೆ ಬಲಗೈಯಲ್ಲಿ ಕೊಡಬೇಕು. ಯಾರೂ ಹೇಳಿಕೊಟ್ಟದ್ದಲ್ಲ. ಹಿರಿಯರು ತಾವೇ ಹೋಗಿ ಕಿತ್ತು ತರುವುದನ್ನು ನೋಡುತ್ತ ನಿಲ್ಲಲು ಇಲ್ಲಿಯವರಿಗೆ ಮನಸ್ಸು ಬರುವುದಿಲ್ಲ, ಅಷ್ಟೇ.

ತೊಂದರೆ ಬೇಗನೇ ಬಂತು. ನಿವೃತ್ತ ಪಿ.ಟಿ. ಮಾಸ್ತರರೊಬ್ಬರು ಎಸೆದರು. ನಾನು ಮೂರನೆಯದನ್ನು ನೋಡಲು ಕತ್ತು ಮುಂದೆ ಚಾಚುವಷ್ಟರಲ್ಲಿ ಎದುರಾಳಿ ಬಂದು ಮೂರನ್ನೂ ಕಿತ್ತುಬಿಟ್ಟ. ನನಗೆ ಕಂಡದ್ದು ಅವನ ಬೆನ್ನು ಮಾತ್ರ.

"ಸಿಕ್ಸ್ಟಿ ರೀ ಮೇಡಂ," ಎಂದ ಅವನು.

"ಹೌದು, ಅರವತ್ತೇ," ಎಂದರು ಮಾಸ್ತರರು.

ನಾನು ನೋಡಿರಲಿಲ್ಲ. ಇಬ್ಬರೂ ಒಂದೇ ಹೇಳಿದ್ದರಿಂದ ಅರವತ್ತು ಎಂದು ಕೂಗಿದೆ. ಆ ಪಂದ್ಯ ಮುಗಿದ ಮೇಲೆ ವೇದಿಕೆಯ ಅಂಚಿಗೆ ಬಂದು ಮತ್ತೊಮ್ಮೆ ಎಲ್ಲರಿಗೂ ಹೇಳಿದೆ, ಈ ಸಲ ಸ್ವಲ್ಪ ಗಟ್ಟಿಯಾಗಿ.

ಹಿಂದಿನ ಕುರ್ಚಿಯಿಂದ ಒಬ್ಬರು, "ಹಿರಿಯರ ಕೈಗೆ ಎತ್ತಿಕೊಡೋದೂ ತಪ್ಪೇನ್ರೀ ನಿಮ್ಮ ಕಾನ್ವೆಂಟ್ನಾಗೆ?" ಎಂದರು. ಎಲ್ಲರೂ ನಕ್ಕರು. ಟೈಲರ್ ಅಕ್ಕನೂ ನಕ್ಕರು. ನನಗೆ ನಗಲು ಬರಲಿಲ್ಲ. ಆದರೂ ಆಮೇಲೆ ಎಲ್ಲರೂ ನಾನು ಕೂಗುವವರೆಗೆ ಕಾದರು, ತಮ್ಮ ಡಾರ್ಟ್ ತಾವೇ ಕಿತ್ತರು.

ಊಟದ ಹೊತ್ತಿಗೆ ಇನ್ನೊಂದು ವಿಷಯ ಅರ್ಥವಾಯಿತು. ಊಟದ ಮನೆಯಲ್ಲಿ ಆಟಗಾರರು ಒಂದು ಪಂಕ್ತಿಯಲ್ಲಿ ಕೂತಿದ್ದರು. ಅಕ್ಕ ಪಕ್ಕದ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ ನನಗಾಗಿ ಜಾಗ ಹಿಡಿದಿದ್ದರು. ಅಂಕ ಕೂಗುವವರು ಆಟಗಾರರ ಜೊತೆ ಕೂತರೆ ನಾಳೆ ಯಾರಾದರೂ ಒಂದು ಮಾತು ಆಡಿಯಾರು. ನಾನು ತಲೆಯಾಡಿಸಿ ಎದುರು ಸಾಲಿನ ತುದಿಗೆ ಹೋಗಿ ಕೂತೆ. ಆ ಸಾಲಿನಲ್ಲಿ ನನ್ನದೊಂದೇ ಎಲೆ. ಬಡಿಸುವವರಿಗೆ ಅಷ್ಟು ದೂರ ಬರುವುದು ನೆನಪಾಗುತ್ತಿರಲಿಲ್ಲ. ಸಾರು ಬರುವಷ್ಟರಲ್ಲಿ ಅನ್ನ ಆರಿತ್ತು. ಆ ಬೆಳಿಗ್ಗೆಯಷ್ಟು ಗಟ್ಟಿಯಾಗಿ, ಅಷ್ಟು ಹೊತ್ತು ನಾನು ಯಾವತ್ತೂ ಮಾತಾಡಿದವಳಲ್ಲ, ಆಡಿದ್ದೆಲ್ಲ ಅಂಕಿಗಳು. ಅಕ್ಕ ದೂರದಿಂದ ಹಪ್ಪಳ ಎತ್ತಿ ತೋರಿಸಿ, ನಿನಗೆ ಬಂತಾ ಎಂದು ಸನ್ನೆಯಲ್ಲಿ ಕೇಳಿದರು.

ಸಂಜೆಯ ಹೊತ್ತಿಗೆ ಅಕ್ಕ ಅರ್ಹತಾ ಸುತ್ತು ದಾಟಿದ್ದರು. ದಾಟಿದ ಹೆಂಗಸು ಅವರೊಬ್ಬರೇ.

ಎರಡನೆಯ ದಿನ ನಾಕೌಟ್, ಸೋತವರು ಮನೆಗೆ. ಅಕ್ಕ ಮೊದಲ ಸುತ್ತು ಗೆದ್ದು ಉಳಿದ ಎಂಟು ಜನರೊಳಗೆ ಬಂದರು. ಇದೊಂದು ಗೆದ್ದರೆ ಮೈಸೂರು. ಎದುರಾಳಿ ನಮ್ಮೂರ ಬಸ್‌ಸ್ಟ್ಯಾಂಡ್ ಹತ್ತಿರ ಗ್ಯಾರೇಜ್ ಇಟ್ಟ ಮೇಸ್ತ್ರಿ, ಮೂವತ್ತರ ಆಸುಪಾಸಿನವರು. ಅಕ್ಕನಿಗೆ ದೊಡ್ಡಮ್ಮ ಅನ್ನುತ್ತಿದ್ದರು. ಆವತ್ತು ಉಗುರುಗಳನ್ನು ಸೀಮೆಎಣ್ಣೆಯಿಂದ ತಿಕ್ಕಿ ಬಂದಿದ್ದರು, ಬೆರಳ ಸುತ್ತ ಚರ್ಮ ಕೆಂಪಾಗಿತ್ತು.

ಪಂದ್ಯಕ್ಕೆ ಮೊದಲು ನಾನು ಸಾಹುಕಾರರ ಹತ್ತಿರ ಹೋದೆ. "ಇದನ್ನು ಬೇರೆ ಯಾರಾದರೂ ಕೂಗಲಿ. ಅಕ್ಕ ನನಗೆ ಬೇಕಾದವರು."

"ಈ ಊರಾಗೆ ಯಾರಿಗೆ ಯಾರು ಬೇಕಾದವರಲ್ಲ ಹೇಳ್ರಿ? ನಿಮ್ಮಷ್ಟು ಬೇಗ ಕಳೆಯೋರು ಇನ್ನೊಬ್ಬರಿಲ್ಲ."

ಮೇಸ್ತ್ರಿಯೂ ಕೇಳಿಸಿಕೊಂಡು, "ನೀವೇ ಇರ್ರಿ ಮೇಡಂ, ನಂದೇನೂ ತಕರಾರಿಲ್ಲ. ದೊಡ್ಡಮ್ಮನ ಕೈಲಿ ಸೋತ್ರೂ ಮನೆಯಾಗೇ ಸೋತಂಗೆ," ಎಂದರು.

"ಸೋಲಕ್ಕೆ ಮೊದ್ಲೇ ನೆಪ ಹುಡುಕ್ತಾನೆ ನೋಡು," ಎಂದರು ಅಕ್ಕ.

ಐದು ಆಟಗಳಲ್ಲಿ ಮೂರು ಗೆದ್ದವರು ಮುಂದಕ್ಕೆ. ಮೊದಲನೆಯದು ಅಕ್ಕನದು, ಆಮೇಲಿನೆರಡು ಮೇಸ್ತ್ರಿಯದು, ನಾಲ್ಕನೆಯದು ಮತ್ತೆ ಅಕ್ಕನದು. ಐದನೆಯದರಲ್ಲಿ ಇಬ್ಬರೂ ಒತ್ತೊತ್ತಿಗೆ ಇಳಿದುಬಂದರು. ಮೇಸ್ತ್ರಿಗೆ ನಲವತ್ತು ಉಳಿದಿತ್ತು. ಅಂದರೆ ಡಬಲ್ ಇಪ್ಪತ್ತು ಹೊಡೆದರೆ ಮುಗಿಯಿತು, ಅವರ ಮುಂದಿನ ಸರದಿಗೆ ಅದು ಕಾಯುತ್ತಿತ್ತು. ಅಕ್ಕನಿಗೆ ಉಳಿದದ್ದು ಐವತ್ತೆರಡು.

"ಎಷ್ಟೇ ಉಳೀತು?" ಎಂದರು ಅಕ್ಕ.

"ಫಿಫ್ಟಿ-ಟು."

ಮೊದಲ ಡಾರ್ಟ್ ಇಪ್ಪತ್ತಕ್ಕೆ ಬಿತ್ತು. ಇನ್ನು ಮೂವತ್ತೆರಡು, ಡಬಲ್ ಹದಿನಾರು ಬೇಕು. ಹದಿನಾರು ಬೋರ್ಡಿನ ಎಡ ಕೆಳಭಾಗದಲ್ಲಿದೆ, ನಾನು ನಿಂತ ಕಡೆಗೇ. ಎರಡನೆಯದು ತಂತಿಯ ಆಚೆ, ಕಪ್ಪಿನಲ್ಲಿ ನಾಟಿತು. ಅಕ್ಕ ಸೆರಗನ್ನು ಸೊಂಟಕ್ಕೆ ಮತ್ತೊಮ್ಮೆ ಸಿಕ್ಕಿಸಿಕೊಂಡರು. ಕಣ್ಣು ಕಿರಿದಾಯಿತು. ಮೂರನೆಯದು ಎರಡನೆಯದರ ಮಗ್ಗುಲಿಗೇ ಬಂದು ಬಡಿಯಿತು.

ಮಂಟಪ ಎದ್ದು ನಿಂತಿತು. ಎಸೆಯುವ ಗೆರೆಯಿಂದ ನೋಡಿದರೆ ಅದು ಡಬಲ್ಲಿನ ಒಳಗೇ ಇದ್ದಂತೆ ಕಾಣುತ್ತಿತ್ತು, ಏಕೆಂದರೆ ಡಾರ್ಟಿನ ಬಾಲ ಮೇಲೆದ್ದು ಒಳಕ್ಕೆ ವಾಲಿತ್ತು. ನಾನು ಹತ್ತಿರಕ್ಕೆ ಬಾಗಿದೆ. ಮೊನೆ ತಂತಿಯ ಹೊರ ಮಗ್ಗುಲನ್ನು ತಾಗಿಕೊಂಡು ಕಪ್ಪಿನಲ್ಲಿ ಇಳಿದಿತ್ತು. ತಂತಿಯ ಹೊಳಪು, ಮೊನೆಯ ಬೂದು ಬಣ್ಣ, ಎರಡನ್ನೂ ಬೇರೆಬೇರೆಯಾಗಿ ಕಂಡೆ. ಕೂಗಲು ಉಸಿರೆಳೆದುಕೊಳ್ಳುವಷ್ಟರಲ್ಲಿ ಮೇಸ್ತ್ರಿ ಮೂರೇ ದಾಪಿಗೆ ಬಂದು, ಮೂರನ್ನೂ ಸರಸರನೆ ಕಿತ್ತು, ಅಕ್ಕನ ಮುಂದೆ ಹಿಡಿದರು. ಮೊನೆ ತಮ್ಮ ಕಡೆಗೆ, ಬಾಲ ಅಕ್ಕನ ಕಡೆಗೆ.

"ದೊಡ್ಡಮ್ಮ, ಗೆದ್ರಿ."

ಆಟ ಮುಗಿಯಿತೆಂದುಕೊಂಡವರಿಗೆ ಆಟದ ನಿಯಮ ಇನ್ನೆಲ್ಲಿಯದು? ಸೋತವರು ಗೆದ್ದ ಹಿರಿಯರಿಗೆ ಮಾಡಬೇಕಾದ್ದನ್ನು ಅವರು ಮಾಡಿದ್ದರು. ನಾನು ಬೋರ್ಡಿನ ಕಡೆ ತಿರುಗಿದೆ. ಈ ಬೋರ್ಡುಗಳ ನಾರು ಡಾರ್ಟ್ ಕಿತ್ತ ಕೂಡಲೇ ಮುಚ್ಚಿಕೊಳ್ಳುತ್ತದೆ, ಒಳ್ಳೆಯ ಬೋರ್ಡಿನ ಗುಣವೇ ಅದು. ತೂತಿನ ಗುರುತೂ ಉಳಿದಿರಲಿಲ್ಲ.

ಚಪ್ಪಾಳೆ ನಡೆಯುತ್ತಿತ್ತು. ಅಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು. ಆಮೇಲೆ ಕೈ ತೆಗೆದು ನನ್ನ ಕಡೆ ನೋಡಿ, ದನಿಯಿಲ್ಲದೆ ತುಟಿಯಲ್ಲೇ ಹೇಳಿದರು: ಮೈಸೂರು.

"ಟ್ವೆಂಟಿ," ಎಂದೆ ನಾನು.

ಯಾರಿಗೂ ಕೇಳಿಸಲಿಲ್ಲ. ಕೊನೆಯ ಅಕ್ಷರವನ್ನೂ ನುಂಗದೆ ಮತ್ತೆ ಹೇಳಿದೆ. "ಟ್ವೆಂಟಿ. ಉಳಿದದ್ದು ಮೂವತ್ತೆರಡು."

ಸಾಹುಕಾರರ ಮಾರ್ಕರ್ ಗಾಳಿಯಲ್ಲೇ ನಿಂತಿತು. "ಏನಂದ್ರಿ?"

"ಮೂರನೆಯದು ಹೊರಗಿತ್ತು."

ಚಪ್ಪಾಳೆ ಒಂದೊಂದೇ ಕಡೆ ನಿಂತಿತು. ಮೇಸ್ತ್ರಿ ಮೊದಲು ಮಾತಾಡಿದರು. "ಇಲ್ಲ ಮೇಡಂ, ನಾನೇ ಕಿತ್ತೀನಲ್ಲ. ಒಳಗೇ ಇತ್ತು."

"ಕೀಳುವಾಗ ಮೊನೆ ನೋಡಿದ್ರಾ?"

ಅವರು ತಮ್ಮ ಕೈ ನೋಡಿಕೊಂಡರು. "ಮೊನೆ ಯಾರ್ ನೋಡ್ತಾರ್ರೀ? ದೊಡ್ಡಮ್ಮ ಗೆದ್ದಾರ, ನಾ ಒಪ್ಪೀನಿ. ಮುಗೀತಲ್ಲ."

ಕುರ್ಚಿಗಳ ನಡುವೆ ಪಿ.ಟಿ. ಮಾಸ್ತರರು ಎದ್ದು ನಿಂತರು. "ಮೇಡಂ, ನಿನ್ನೆ ನಾವಿಬ್ಬರೂ ಒಂದೇ ಹೇಳಿದ್ವಿ ಅಂತ ಒಪ್ಪಿಕೊಂಡ್ರಿ. ಇವತ್ತು ಎದುರಾಳಿಯ ಮಾತು ಯಾಕೆ ನಡೆಯಲ್ಲ?"

ನ್ಯಾಯವಾದ ಪ್ರಶ್ನೆ. "ನಿನ್ನೆ ನಾನು ನೋಡಿರಲಿಲ್ಲ ಸರ್. ಇವತ್ತು ನೋಡಿದ್ದೇನೆ."

ಸಾಹುಕಾರರು ನನ್ನನ್ನು ಥರ್ಮಾಕೋಲ್ ಹೂವುಗಳ ಹತ್ತಿರ ಕರೆದು ದನಿ ತಗ್ಗಿಸಿದರು. "ಅಕ್ಕಾವ್ರೇ, ಸೋತವನೇ ಒಪ್ಪಿದಾನೆ. ಜನ ಖುಷಿಯಾಗಿದಾರೆ. ಯಾರಿಗೂ ನಷ್ಟ ಇಲ್ಲದ ತಕರಾರು ನಿಮಗ್ಯಾಕೆ? ನೀವು ಹೇಳಿದ್ದೇ ಕೊನೆ, ನಾನು ಅದನ್ನೇ ಬರೀತೀನಿ. ಆದ್ರೂ ಇನ್ನೊಂದ್ಸಲ ಯೋಚನೆ ಮಾಡ್ರಿ."

ಯೋಚನೆ ಮಾಡಿದೆ. ಗಡಿಬಿಡಿಯಲ್ಲಿ ಸರಿಯಾಗಿ ಕಾಣಲಿಲ್ಲ ಎಂದರೆ ಸಾಕಿತ್ತು, ಯಾರೂ ಮರುಪ್ರಶ್ನೆ ಹಾಕುತ್ತಿರಲಿಲ್ಲ. ಮೈಸೂರಿನ ಬಸ್ಸಿನಲ್ಲಿ ಅಕ್ಕ ಕಿಟಕಿ ಪಕ್ಕ ಕೂತು ಎಲ್ಲದಕ್ಕೂ ನನ್ನ ಮೊಣಕೈ ತಿವಿದು ತೋರಿಸುವುದು ಕಣ್ಣಿಗೆ ಕಟ್ಟಿತು. ಲಾಡ್ಜಿನ ರೂಮಿನಲ್ಲಿ ದೀಪ ಆರಿಸಿದ ಮೇಲೂ ಅವರ ಮಾತು ಮುಂದುವರಿಯುವುದು. ನನಗೆ ಆ ಪ್ರಯಾಣ ಬೇಕಿತ್ತು, ಅಕ್ಕನಿಗಿಂತ ಹೆಚ್ಚಾಗಿಯೇ ಬೇಕಿತ್ತೋ ಏನೋ. ಆದರೆ ಆ ಮೊನೆಯನ್ನು ನೋಡಿದ ಕಣ್ಣು ಇಡೀ ಮಂಟಪದಲ್ಲಿ ನನ್ನದೊಂದೇ. ನಾನು ನೋಡಿಲ್ಲವೆಂದರೆ ಅದು ನಡೆದೇ ಇಲ್ಲ ಎಂದಾಗುತ್ತಿತ್ತು. ಹಾಗೆ ಮಾಡಿ ಆಮೇಲೆ ಅವರ ಪಕ್ಕದಲ್ಲಿ ಆ ಸೀಟಿನಲ್ಲಿ ಹೇಗೆ ಕೂರುವುದು ಎಂದು ನನಗೆ ಹೊಳೆಯಲಿಲ್ಲ.

"ಮೂವತ್ತೆರಡು ಅಂತ ಬರೀರಿ," ಎಂದೆ.

ಅಕ್ಕ ಮೇಸ್ತ್ರಿಯ ಕೈಯಿಂದ ತಮ್ಮ ಡಾರ್ಟ್‌ಗಳನ್ನು ತೆಗೆದುಕೊಂಡು, ಹೋಗಿ ಗೆರೆಯ ಹಿಂದೆ ನಿಂತರು.

ಮೇಸ್ತ್ರಿ ಬಂದು ಗೆರೆಯ ಮೇಲೆ ಕಾಲಿಟ್ಟರು. ನಲವತ್ತು ಬೇಕು. ಒಂದು, ಎರಡು, ಮೂರು. ಮೂರೂ ಬೋರ್ಡಿನ ಮೇಲಂಚಿನ ಕಪ್ಪಿಗೆ ಬಿದ್ದವು, ಡಬಲ್ಲಿಗೆ ಹತ್ತಿರವೂ ಅಲ್ಲ. ಬೇಕಂತಲೇ ಎಸೆದರೋ, ಗುರಿ ತಪ್ಪಿತೋ, ನಾನು ಹೇಳಲಾರೆ. "ನೋ ಸ್ಕೋರ್," ಎಂದು ಕೂಗಿದೆ.

ಅಕ್ಕ ಮೇಸ್ತ್ರಿಯ ಕಡೆ ತಿರುಗಿದರು. "ಎಂತ ಮಾಡ್ತಿದೀಯ ನೀನು? ನಂಗೆ ದಾನ ಬೇಡ ಮಾರಾಯ. ಆಡಕ್ಕೆ ಬಂದವ ಆಡು."

"ದೊಡ್ಡಮ್ಮ, ಕೈ ಬರ್ಲಿಲ್ಲ..."

"ಸುಮ್ನಿರು."

ಆಮೇಲೆ ಅಕ್ಕ ಬೋರ್ಡಿನ ಕಡೆ ನೋಡುತ್ತಲೇ ಕೇಳಿದರು: "ಉಳಿದದ್ದು ಎಷ್ಟ್ರೀ?"

ಇಷ್ಟು ವರ್ಷದಲ್ಲಿ ಅಕ್ಕ ನನಗೆ ಒಮ್ಮೆಯೂ ರೀ ಅಂದವರಲ್ಲ. "ಥರ್ಟಿ-ಟು," ಎಂದೆ.

ಮೊದಲನೆಯದು ಡಬಲ್ಲಿಗಿಂತ ಸ್ವಲ್ಪ ಒಳಗೆ, ಬರಿಯ ಹದಿನಾರಕ್ಕೆ ಬಿತ್ತು. ಇನ್ನು ಡಬಲ್ ಎಂಟು. ಎರಡನೆಯದೂ ಹಾಗೆಯೇ, ಬರಿಯ ಎಂಟು. ಇನ್ನು ಡಬಲ್ ನಾಲ್ಕು. ಅದು ಬೋರ್ಡಿನ ಇನ್ನೊಂದು ಮಗ್ಗುಲಲ್ಲಿದೆ. ಅಕ್ಕ ಒಂದು ಅಂಗುಲ ಬಲಕ್ಕೆ ಸರಿದು ನಿಂತು ಎಸೆದರು. ಡಾರ್ಟ್ ತಂತಿಗೆ ಬಡಿದು ಸಣ್ಣಗೆ ಟಿಣ್ ಎಂದು ಕೆಳಗೆ ಬಿತ್ತು. "ಟ್ವೆಂಟಿ-ಫೋರ್," ಎಂದು ಕೂಗಿದೆ. ಬಿದ್ದದ್ದನ್ನು ಅಕ್ಕನೇ ಬಗ್ಗಿ ಎತ್ತಿಕೊಂಡರು. ಏಳುವಾಗ ಮಂಡಿಯ ಮೇಲೆ ಕೈಯೂರಿದರು. ಮೇಸ್ತ್ರಿ ಅರ್ಧ ಹೆಜ್ಜೆ ಮುಂದಿಟ್ಟವರು ನನ್ನ ಮುಖ ನೋಡಿ ನಿಂತುಬಿಟ್ಟರು.

ಈ ಸಲ ಮೇಸ್ತ್ರಿಯ ಎರಡನೆಯ ಡಾರ್ಟಿಗೇ ಡಬಲ್ ಇಪ್ಪತ್ತು ಸಿಕ್ಕಿತು. ನಾನು ಕತ್ತೆತ್ತಿ ನೋಡಿ, "ಗೇಮ್ ಶಾಟ್, ಆಂಡ್ ದ ಮ್ಯಾಚ್," ಎಂದೆ. ಚಪ್ಪಾಳೆ ತಟ್ಟಿದವರು ಅಕ್ಕ ಒಬ್ಬರೇ. ಮೇಸ್ತ್ರಿ ಅಕ್ಕನ ಕಾಲು ಮುಟ್ಟಲು ಹೋದರು. "ಏಳೋ, ಮೈಸೂರಲ್ಲಿ ಹೀಂಗೆಲ್ಲ ಮಾಡ್ಬೇಡ, ನಗ್ತಾರೆ," ಎಂದು ಅಕ್ಕ ಅವರ ಬೆನ್ನು ತಟ್ಟಿದರು.

ನನಗೆ ಇನ್ನೂ ಪಂದ್ಯಗಳಿದ್ದವು, ಕೆಳಗಿಳಿಯುವಂತಿರಲಿಲ್ಲ. ಅಕ್ಕ ತಮ್ಮ ಚೀಲವನ್ನು ಹೆಗಲಿಗೇರಿಸಿಕೊಂಡು ಬಾಗಿಲ ಕಡೆ ನಡೆಯುವುದನ್ನು ವೇದಿಕೆಯ ಮೇಲಿಂದಲೇ ನೋಡಿದೆ. ಚೀಲದಿಂದ ಲೈನಿಂಗ್ ಬಟ್ಟೆಯ ಸುರುಳಿಯೊಂದು ಇಣುಕುತ್ತಿತ್ತು. ಸೆಮಿಫೈನಲ್ ಕೂಗಿದೆ, ಫೈನಲ್ ಕೂಗಿದೆ. ಒಂದು ಅಂಕವೂ ತಪ್ಪಲಿಲ್ಲ. ಎಲ್ಲ ಮುಗಿದ ಮೇಲೆ ಮೇಸ್ತ್ರಿ ನನ್ನ ಹತ್ತಿರ ಬಂದು, "ನಾನೇ ಒಪ್ಪಿಕೊಂಡಿದ್ನಲ್ಲ ಮೇಡಂ," ಎಂದಷ್ಟೇ ಹೇಳಿ, ಉತ್ತರಕ್ಕೆ ಕಾಯದೆ ಹೋದರು.

ಮುಂದಿನ ಭಾನುವಾರ ಚಹಾಕ್ಕೆ ನೀರಿಟ್ಟು ಕಾದೆ. ಅದರ ಮುಂದಿನ ಭಾನುವಾರವೂ. ಆಮೇಲೆ ಒಂದು ರವಿಕೆ ಬಟ್ಟೆ ತೆಗೆದುಕೊಂಡು ನಾನೇ ಸೊರಬದ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ಅಕ್ಕ ಒಬ್ಬರೇ ಇದ್ದರು. "ಬಾ," ಎಂದರು. ಬಟ್ಟೆ ಬಿಚ್ಚಿ ನೋಡಿ, ಕೊರಳಿನಿಂದ ಟೇಪು ತೆಗೆದು ನನ್ನ ತೋಳಿಗೆ ಸುತ್ತಿದರು. ನನ್ನ ಅಳತೆ ಅವರಿಗೆ ಬಾಯಿಪಾಠ. ನನಗೆ ಟೇಪು ಹಿಡಿದು ಎಷ್ಟೋ ವರ್ಷವಾಗಿತ್ತು. ಕೈ ಎತ್ತಿ ನಿಂತೆ. ಬೆನ್ನಿನ ಅಳತೆ ತೆಗೆಯುವಾಗ, ನನ್ನ ಹಿಂದಿನಿಂದ ಕೇಳಿದರು.

"ಖರೇ ಹೇಳು. ಹೊರಗಿತ್ತನೇ?"

"ಹೊರಗಿತ್ತು ಅಕ್ಕ."

"ಎಷ್ಟು?"

"ತಂತಿಗೆ ತಾಗಿಕೊಂಡೇ. ಆದರೆ ಹೊರಗೆ."

ಅಕ್ಕ ಟೇಪನ್ನು ಬೆನ್ನಿನಿಂದ ತೆಗೆದು ಮತ್ತೆ ಕೊರಳಿಗೆ ಹಾಕಿಕೊಂಡರು. "ಆವತ್ತೇ ಗೊತ್ತಿತ್ತು ನಂಗೆ. ನೀ ಸುಳ್ಳು ಹೇಳೋಳಲ್ಲ. ಆದ್ರೂ ಮಾರಾಯ್ತಿ, ನಂಗೋಸ್ಕರ ಒಂದ್ಸಲ ಇವಳ ಕಣ್ಣು ತಪ್ಪಿದ್ರೆ ಏನಾಗ್ತಿತ್ತು ಅಂತ ಅನ್ಸ್ತದೆ. ಹಂಗೆ ಅನ್ಸೋದು ತಪ್ಪು ಅಂತಾನೂ ಗೊತ್ತು. ಆದ್ರೂ ಅನ್ಸ್ತದೆ."

ಮಿಷನ್ನಿನ ಮೇಲೆ ಯಾರದೋ ಮದುವೆಯ ಹಸಿರು ರವಿಕೆ ಅರ್ಧಕ್ಕೆ ನಿಂತಿತ್ತು.

"ಬುಧವಾರ ಆಗ್ತದೆ," ಎಂದರು ಅಕ್ಕ. "ಕಂಡಕ್ಟರ್ ಕೈಲಿ ಕೊಟ್ಟು ಕಳಿಸ್ತೀನಿ. ನೀ ಇಷ್ಟ್ ದೂರ ಬರೋದೇನೂ ಬೇಡ."

ಬುಧವಾರ ಮಧ್ಯಾಹ್ನ ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು ಪೇಪರಿನ ಪೊಟ್ಟಣ ಕೊಟ್ಟರು. ಮನೆಗೆ ತಂದು ತೊಟ್ಟು ನೋಡಿದೆ. ತೋಳು, ಕಂಕುಳು, ಕೊರಳು, ಎಲ್ಲೂ ಒಂದೆಳೆ ಹೆಚ್ಚುಕಡಿಮೆಯಿರಲಿಲ್ಲ. ಮಡಚಿಡುವ ಮುಂಚೆ ಪೊಟ್ಟಣದಲ್ಲಿ ಇನ್ನೇನಾದರೂ ಇದೆಯೇನೋ ಎಂದು ಪೇಪರನ್ನು ಬಿಡಿಸಿ ಕೊಡವಿದೆ. ಹಸಿರು ದಾರದ ಒಂದು ತುಂಡು ಬಿತ್ತು, ಅಷ್ಟೇ.